ಕೊಡಚಾದ್ರಿಯಲ್ಲಿ ಬಿಟ್ಟದ್ದು ಗಂಗೊಳ್ಳಿಯ ಬಲೆಗೆ ಬೀಳುತ್ತದೆ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಡು, ಹೊಳೆ, ಕಡಲಿಗೆ ಹೊರಟವರಿಗೆ ಹನ್ನೆರಡು ಹೆಜ್ಜೆಗಳ ಕೈಪಿಡಿ

ಕೊಡಚಾದ್ರಿಯ ತುದಿ ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದಲ್ಲಿದೆ. ಆಕಾಶ ತಿಳಿಯಾಗಿರುವ ಸಂಜೆ ಸರ್ವಜ್ಞ ಪೀಠದ ಬಳಿ ನಿಂತರೆ ಪಶ್ಚಿಮಕ್ಕೆ ಕಡಲಿನ ಗೆರೆ ಕಾಣುತ್ತದೆ. ನೋಡುವ ಕಣ್ಣಿಗೆ ಅದು ಬಹಳ ದೂರ. ಹರಿಯುವ ನೀರಿಗೆ ಹಾಗಲ್ಲ. ಈ ಬೆಟ್ಟದ ಮಡಿಲಲ್ಲಿ ಹುಟ್ಟಿದ ಸೌಪರ್ಣಿಕೆ ಕೊಲ್ಲೂರನ್ನು ಹಾದು, ಕಾಡು ಕಳೆದು, ಗದ್ದೆ ತೋಟಗಳ ನಡುವೆ ಹರಿದು ಮರವಂತೆಗೆ ಬರುತ್ತದೆ. ಅಲ್ಲಿ ನದಿಗೂ ಕಡಲಿಗೂ ನಡುವೆ ಉಳಿಯುವುದು ರಾಷ್ಟ್ರೀಯ ಹೆದ್ದಾರಿ 66ರ ಪಟ್ಟಿ ಮಾತ್ರ. ಅಷ್ಟು ಹತ್ತಿರ ಬಂದೂ ಕಡಲಿಗೆ ಇಳಿಯದೆ ತಿರುಗಿ, ಚಕ್ರಾ, ವಾರಾಹಿ ಮೊದಲಾದ ನದಿಗಳ ಜೊತೆ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುತ್ತದೆ.

ಕೊಲ್ಲೂರಿನಿಂದ ಕುಂದಾಪುರಕ್ಕೆ ರಸ್ತೆಯಲ್ಲಿ ಸುಮಾರು 40 ಕಿ.ಮೀ. ನೆರೆ ಬಂದ ಹೊಳೆಗೆ ಇದೊಂದು ದೂರವೇ ಅಲ್ಲ. ಬೆಟ್ಟದ ಹಾದಿಯಲ್ಲಿ ಬಿಟ್ಟ ನೀರಿನ ಬಾಟಲಿಯನ್ನು ಮಳೆ ತೋಡಿಗೆ ಇಳಿಸುತ್ತದೆ, ತೋಡು ಹೊಳೆಗೆ ಒಪ್ಪಿಸುತ್ತದೆ, ಹೊಳೆ ಅಳಿವೆಗೆ ಮುಟ್ಟಿಸುತ್ತದೆ. ಕೊನೆಗೆ ಅದನ್ನು ಬಲೆಯಿಂದ ಬಿಡಿಸಬೇಕಾದವರು ಕೊಡಚಾದ್ರಿಗೆ ಒಮ್ಮೆಯೂ ಹೋಗಿರದ ಮೀನುಗಾರರು.

ಬೆಟ್ಟ, ಹೊಳೆ, ಅಳಿವೆ, ಕಡಲು ಇಷ್ಟು ಒತ್ತಿಕೊಂಡಿರುವ ಊರು ನಮ್ಮದು. ಇಲ್ಲಿ ಚಾರಣಕ್ಕೆ ಹೋಗುವುದು ಎಂದರೆ ಕೆಳಗಿರುವ ಪ್ರತಿಯೊಬ್ಬರ ಮನೆಯ ಮೇಲುಗಡೆ ನಡೆಯುವುದು. ಈ ಕೈಪಿಡಿಯೂ ನೀರು ಹರಿಯುವ ಹಾಗೆ, ಬೆಟ್ಟದಿಂದ ಕಡಲಿನವರೆಗೆ, ಒಂದೊಂದೇ ಹೆಜ್ಜೆಯಾಗಿ ಸಾಗುತ್ತದೆ.

ಹೆಜ್ಜೆ 1: ಕಾಲ ನೋಡಿ ಹೊರಡಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕಡಲು ಒರಟಾಗಿರುತ್ತದೆ, ಮೀನು ಮರಿ ಮಾಡುವ ಕಾಲ ಬೇರೆ. ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುತ್ತವೆ. ಕಾಡಿಗೂ ಇಂಥದೊಂದು ರಜೆ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಬುಡದ ಜಲಪಾತಗಳಿಗೆ ಹೋಗುವ ಯೋಜನೆಯನ್ನೇ ಹಾಕಬೇಡಿ. ಆಗ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ. ಇಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಸುರಿದ ಮಳೆ ಅರ್ಧ ಗಂಟೆಯಲ್ಲಿ ಹಳ್ಳ ತುಂಬಿಸಬಲ್ಲದು.

2023ರ ಜುಲೈಯಲ್ಲಿ ಕೊಲ್ಲೂರು ಸಮೀಪದ ಅರಸಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ಜಲಪಾತ ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ಬಿದ್ದದ್ದು ನಾಡಿಗೆಲ್ಲ ನೆನಪಿದೆ. ಸುರಿಯುವ ಮಳೆಯಲ್ಲಿ ಒಂದು ವಾರ ಹುಡುಕಿದ ಮೇಲೆ ಶವ ಸಿಕ್ಕಿತು. ಹುಡುಕಲು ಇಳಿದವರೂ ಅದೇ ಜಾರುವ ಬಂಡೆಗಳ ಮೇಲೆ, ಅದೇ ಸೆಳೆತದಲ್ಲಿ ಜೀವ ಪಣಕ್ಕಿಟ್ಟು ಇಳಿದಿದ್ದರು. ಮಳೆಗಾಲದ ನಿರ್ಬಂಧವನ್ನು ಮುರಿದಾಗ ಅಪಾಯಕ್ಕೆ ಬೀಳುವವರು ಎರಡು ಗುಂಪಿನವರು.

ಯಾವ ತಿಂಗಳಿಗೆ ಯಾವ ಜಾಗ ಎಂಬುದಕ್ಕೆ ಸರಳ ಲೆಕ್ಕ ಹೀಗಿದೆ:

- ಜೂನ್–ಸೆಪ್ಟೆಂಬರ್: ಜಲಪಾತ, ಕಾಡುಹಾದಿ, ಕಡಲಿಗಿಳಿಯುವುದು ಬೇಡ. ದೇವಸ್ಥಾನ, ಬಾರ್ಕೂರಿನ ಹಳೆಯ ಬಸದಿ ಗುಡಿಗಳು, ರಸ್ತೆ ಬದಿಯಿಂದ ಕಾಣುವ ಹಸಿರು ಸಾಕು.
- ಅಕ್ಟೋಬರ್–ನವೆಂಬರ್: ಚಾರಣಕ್ಕೆ ಒಳ್ಳೆಯ ಕಾಲ. ಹಳ್ಳದಲ್ಲಿ ನೀರಿರುತ್ತದೆ, ಆರ್ಭಟ ಇಳಿದಿರುತ್ತದೆ. ಆದರೂ ಸಂಜೆಯ ಗುಡುಗು ಮಳೆಯ ಮೇಲೆ ಕಣ್ಣಿರಲಿ.
- ಡಿಸೆಂಬರ್–ಮಾರ್ಚ್: ಬೆಳಗಿನ ನಡಿಗೆಗೆ ಹಿತ. ಕಾಡಿನಲ್ಲಿ ಉಣುಗಿನ ಕಾಲ, ಕಡಲಂಚಿನಲ್ಲಿ ಆಮೆ ಮೊಟ್ಟೆಯಿಡುವ ಕಾಲ ಎಂಬುದು ನೆನಪಿರಲಿ.
- ಏಪ್ರಿಲ್–ಮೇ: ಕಾಡು ಒಣಗಿರುತ್ತದೆ. ಕಾಳ್ಗಿಚ್ಚಿನ ಭಯವಿರುವಾಗ ಇಲಾಖೆ ಹಾದಿ ಮುಚ್ಚಿದರೆ ತಕರಾರು ತೆಗೆಯಬೇಡಿ.

ಹೆಜ್ಜೆ 2: ಕಾಡು ಯಾರದು ಎಂದು ತಿಳಿದು, ಅನುಮತಿ ಪಡೆಯಿರಿ

ಕೊಲ್ಲೂರು ಸುತ್ತಲಿನ ಕಾಡು 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯ. ಹೆಬ್ರಿ, ಆಗುಂಬೆ ಘಟ್ಟದ ಬುಡದ ಕಾಡು ಸೋಮೇಶ್ವರ ವನ್ಯಜೀವಿ ಅಭಯಾರಣ್ಯ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಸೋಮೇಶ್ವರವೂ ಒಂದು. ಇವೆರಡೂ ಕಾರ್ಕಳದಲ್ಲಿ ಕಚೇರಿಯಿರುವ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿವೆ. ಇವುಗಳ ಹೊರಗಿನ ಮೀಸಲು ಅರಣ್ಯಗಳನ್ನು ನೋಡಿಕೊಳ್ಳುವುದು ಕುಂದಾಪುರ ಅರಣ್ಯ ವಿಭಾಗ. ಕೊಡಚಾದ್ರಿಯ ಬುಡ ಬೈಂದೂರು ತಾಲೂಕಿನದಾದರೂ ತುದಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನದು. ಹಾಗಾಗಿ ನೀವು ಯಾವ ಕಡೆಯಿಂದ ಹತ್ತುತ್ತೀರಿ ಎಂಬುದರ ಮೇಲೆ ಕೇಳಬೇಕಾದ ಕಚೇರಿ ಬದಲಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಹೊರಡುವ ವಾರಕ್ಕೆ ಮೊದಲೇ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ನಿಮ್ಮ ಚಾರಣಪಥ ಇದೆಯೇ, ಆ ದಿನ ತೆರೆದಿದೆಯೇ ನೋಡಿ. ಇಲ್ಲದಿದ್ದರೆ ಸಂಬಂಧಪಟ್ಟ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ ಕೇಳಿ. ಯೂಟ್ಯೂಬಿನ ಹಳೆಯ ವಿಡಿಯೊ ಅನುಮತಿ ಪತ್ರವಲ್ಲ.

2024ರ ಜನವರಿ ರಜೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಜನ ಒಮ್ಮೆಗೇ ನುಗ್ಗಿ, ಸರತಿಯಲ್ಲಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಅದಾದ ಮೇಲೆಯೇ ರಾಜ್ಯದಲ್ಲಿ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಿಗಿಯಾದದ್ದು. ಅನುಮತಿಯ ಹಿಂದೆ ಇನ್ನೊಂದು ಉಪಕಾರವೂ ಇದೆ. ಗೇಟಿನ ಪುಸ್ತಕದಲ್ಲಿ ನಿಮ್ಮ ಹೆಸರಿದ್ದರೆ ಸಂಜೆಯೊಳಗೆ ಇಳಿದು ಬಾರದಿದ್ದಾಗ ಹುಡುಕಲು ಒಬ್ಬರಾದರೂ ಹೊರಡುತ್ತಾರೆ.

ಹೆಜ್ಜೆ 3: ಗುಂಪು ಸಣ್ಣದಿರಲಿ, ವಾಹನ ಊರಿನದಿರಲಿ

ಆರೆಂಟು ಜನಕ್ಕಿಂತ ಹೆಚ್ಚಿದ್ದರೆ ಎರಡು ಗುಂಪಾಗಿ. ದೊಡ್ಡ ಗುಂಪು ಹಾದಿಯನ್ನು ಅಗಲ ಮಾಡುತ್ತದೆ, ಅದರ ಗದ್ದಲಕ್ಕೆ ಹಕ್ಕಿಗಳು ದೂರ ಸರಿಯುತ್ತವೆ. ಬ್ಲೂಟೂತ್ ಸ್ಪೀಕರ್ ಮನೆಯಲ್ಲಿರಲಿ.

ಬರಲು ಕೊಂಕಣ ರೈಲ್ವೆಯ ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣವಿದೆ, ಕುಂದಾಪುರ, ಬಾರ್ಕೂರು ನಿಲ್ದಾಣಗಳಿವೆ, ಅಲ್ಲಿಂದ ಬಸ್ಸುಗಳಿವೆ. ಕೊಡಚಾದ್ರಿಗೆ ನಡೆಯಲಾರದವರು ಕೊಲ್ಲೂರಿನಲ್ಲಿ ಸಿಗುವ ಜೀಪನ್ನೇ ಹಿಡಿಯಿರಿ. ಕೊನೆಯ ಏರಿನ ಕಲ್ಲುಗುಂಡಿಗಳಲ್ಲಿ ಎಲ್ಲಿ ಗೇರ್ ಇಳಿಸಬೇಕು, ಎಲ್ಲಿ ಎದುರಿನ ಜೀಪಿಗೆ ಜಾಗ ಬಿಡಬೇಕು ಎಂಬುದು ಅಲ್ಲಿನ ಚಾಲಕರಿಗೆ ಅಂಗೈ ಗೆರೆಯಷ್ಟು ಪರಿಚಿತ. ಹುಲ್ಲುಗಾವಲಿನ ಮೇಲೆ ಸ್ವಂತ ಬೈಕ್ ಹತ್ತಿಸುವ ಸಾಹಸ ಬೇಡ. ಚಕ್ರ ಕೊರೆದ ಗೆರೆ ಮುಂದಿನ ಮಳೆಗೆ ಕೊರಕಲಾಗುತ್ತದೆ.

ಊರಿನ ಮಾರ್ಗದರ್ಶಿಯೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೇಳಿದ ಸಂಬಳ ಚೌಕಾಸಿ ಮಾಡದೆ ಕೊಡಿ. ಹಳ್ಳದ ದಂಡೆಯಲ್ಲಿ ನಿಂತು ಅವರು ‘ನೀರ್ ಏರ್ತಾ ಇತ್ತ್, ಹೋಪುಕಾಗ ಮರ್ರೆ’ ಎಂದರೆ ಅಲ್ಲಿಗೆ ಮಾತು ಮುಗಿಯಿತು, ಹಿಂತಿರುಗಿ. ಆ ಮಾತಿನ ಹಿಂದೆ ಎಷ್ಟೋ ಮಳೆಗಾಲಗಳ ಅನುಭವವಿದೆ.

ಹೆಜ್ಜೆ 4: ಕಸವನ್ನು ಮನೆಯಲ್ಲೇ ಬಿಟ್ಟು ಹೊರಡಿ

ಕಾಡಿನಲ್ಲಿ ಕಸ ಎಸೆಯಬಾರದು ಎಂಬುದು ಎರಡನೆಯ ಮಾತು. ಕಸವಾಗುವ ವಸ್ತುವನ್ನು ಒಯ್ಯಲೇಬಾರದು ಎಂಬುದು ಮೊದಲನೆಯದು. ಬಿಸ್ಕತ್ತು, ಚಿಪ್ಸುಗಳ ಪೊಟ್ಟಣ ಒಡೆದು ಸ್ಟೀಲ್ ಡಬ್ಬಿಗೆ ಹಾಕಿಕೊಳ್ಳಿ. ನಮ್ಮ ಅಡುಗೆಮನೆಯಲ್ಲೇ ಚಾರಣಕ್ಕೆ ಒಪ್ಪುವ ತಿಂಡಿಗಳಿವೆ: ಹಲಸಿನೆಲೆಯಲ್ಲಿ ಬೆಂದ ಕೊಟ್ಟೆ ಕಡುಬು, ಬೆಲ್ಲ ತೆಂಗಿನಕಾಯಿ ಹಾಕಿದ ಅವಲಕ್ಕಿ, ಬಾಳೆಹಣ್ಣು. ಬೆವರಿಗೆ ಪುನರ್ಪುಳಿ ಪಾನಕಕ್ಕಿಂತ ಬೇರೆ ಬಾಟಲಿ ಬೇಕಿಲ್ಲ.

ಹಲಸಿನೆಲೆ, ಬಾಳೆ ಸಿಪ್ಪೆ ಮಣ್ಣಾಗುತ್ತವಲ್ಲ, ಅಲ್ಲೇ ಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಬಿಡಬೇಡಿ. ಅದರ ವಾಸನೆಗೆ ಮಂಗ ಬರುತ್ತದೆ, ಹಂದಿ ಬರುತ್ತದೆ. ಹಾದಿಯಲ್ಲಿ ಊಟ ಸಿಗುತ್ತದೆಂದು ಕಲಿತ ಪ್ರಾಣಿ ನಾಳೆ ಮತ್ತೊಬ್ಬರ ಚೀಲಕ್ಕೆ ಕೈ ಹಾಕುತ್ತದೆ.

ಒಬ್ಬೊಬ್ಬರ ಚೀಲದಲ್ಲಿ ಇರಲೇಬೇಕಾದವು: ಎರಡು ಲೀಟರ್ ನೀರು ಹಿಡಿಸುವ ಸ್ಟೀಲ್ ಬಾಟಲಿ, ಟಾರ್ಚ್, ಮಳೆಯಂಗಿ, ಉದ್ದ ತೋಳಿನ ಅಂಗಿ, ಪಾದ ಮುಚ್ಚುವ ಬಿಗಿ ಬೂಟು, ಸೀಟಿ, ಬ್ಯಾಂಡೇಜು, ನಿಮ್ಮ ಮಾಮೂಲಿ ಔಷಧ, ಕಸ ತುಂಬಲು ಒಂದು ಗಟ್ಟಿ ಚೀಲ, ಸಣ್ಣದೊಂದು ಕೈಗುದ್ದಲಿ. ಅದು ಏತಕ್ಕೆಂದು ಆರನೆಯ ಹೆಜ್ಜೆಯಲ್ಲಿ ಹೇಳುತ್ತೇನೆ. ಸಾರಾಯಿ ಬಾಟಲಿ ಒಯ್ಯಬೇಡಿ. ಒಡೆದ ಗಾಜು ಬರಿಗಾಲಲ್ಲಿ ಸೊಪ್ಪು ತರಗೆಲೆಗೆ ಹೋಗುವ ಹೆಂಗಸರ ಪಾದಕ್ಕೂ ಕಡವೆಯ ಗೊರಸಿಗೂ ಹೊಕ್ಕುತ್ತದೆ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳಿಗೆ ನಿಷೇಧವಿದೆ. 2022ರ ಜುಲೈ 1ರಿಂದ ಒಂದೇ ಬಾರಿ ಬಳಸುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶವಿಡೀ ನಿಷೇಧವಾಗಿದೆ.

ಹೆಜ್ಜೆ 5: ಇರುವ ಹಾದಿಯಲ್ಲೇ ನಡೆಯಿರಿ

ಅಡ್ಡದಾರಿ ಹಿಡಿದರೆ ಹತ್ತು ನಿಮಿಷ ಉಳಿಯಬಹುದು. ಆದರೆ ಘಟ್ಟದ ಇಳಿಜಾರಿನಲ್ಲಿ ಮಣ್ಣನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ನೂರು ಜನ ತುಳಿದ ಮೇಲೆ ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಇಂಗದ ನೀರು ಆ ಅಡ್ಡದಾರಿಯನ್ನೇ ತೋಡಾಗಿ ಮಾಡಿಕೊಂಡು ಕೆಂಪು ಮಣ್ಣನ್ನು ಹೊತ್ತು ಇಳಿಯುತ್ತದೆ. ಮುಂದೆ ಅದೇ ಹೂಳು ಅಳಿವೆಯಲ್ಲಿ ದೋಣಿಯ ಹಾದಿಗೆ ಅಡ್ಡವಾಗುತ್ತದೆ. ಹಾದಿ ಕೆಸರಾಗಿದ್ದರೂ ಬದಿಗೆ ಸರಿಯದೆ ಕೆಸರಿನ ನಡುವೆಯೇ ನಡೆಯಿರಿ. ಬೂಟು ತೊಳೆದರೆ ಮುಗಿಯಿತು, ಹಾದಿ ಅಗಲವಾದರೆ ಮುಗಿಯುವುದಿಲ್ಲ.

ಕೊಡಚಾದ್ರಿಯ ಮೇಲಿನ ಹುಲ್ಲುಗಾವಲು ಖಾಲಿ ಜಾಗದಂತೆ ಕಾಣುತ್ತದೆ. ಅದು ಖಾಲಿಯಲ್ಲ. ಹುಲ್ಲೂ, ಕಣಿವೆಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡೂ ಸೇರಿ ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವೇ ಬಿಡುತ್ತವೆ. ಮಾರ್ಚ್‌ನಲ್ಲಿ ಸೌಪರ್ಣಿಕೆಯಲ್ಲಿ ಹರಿಯುವ ನೀರು ಇವು ಕೂಡಿಟ್ಟದ್ದೇ.

ಸೀತಾಳೆ ದಂಡೆ ಹೂವನ್ನು ಮರದಿಂದ ಕೀಳಬೇಡಿ. ಮೂಲ ಮೂಕಾಂಬಿಕೆಯ ಗುಡಿಯ ಬಳಿಯ ಹಳೆಯ ಕಬ್ಬಿಣದ ಕಂಬ, ಸರ್ವಜ್ಞ ಪೀಠದ ಕಲ್ಲುಗಳ ಮೇಲೆ ಹೆಸರು ಗೀಚಬೇಡಿ. ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಪುರ ಕಟ್ಟಬೇಡಿ. ಆ ಕಲ್ಲಿನಡಿ ಕಪ್ಪೆ, ಚೇಳು, ಏಡಿಗಳ ಮನೆಯಿರುತ್ತದೆ.

ಹೆಜ್ಜೆ 6: ಹೊಳೆಗೆ ಇಳಿಯುವ ಮುನ್ನ ಕೆಳಗಿರುವವರನ್ನು ನೆನೆಯಿರಿ

ಅರಸಿನಗುಂಡಿ, ಮುದೂರು ಬಳಿಯ ಬೆಳ್ಕಲ್ ತೀರ್ಥ, ಶಿರೂರು ಕಡೆಯ ಕೂಸಳ್ಳಿ: ಇವೆಲ್ಲ ನಮಗೆ ಜಲಪಾತ. ಕೆಳಗಿನ ಊರಿನವರಿಗೆ ಅದು ಕುಡಿಯುವ ನೀರು. ಘಟ್ಟದ ಬುಡದ ಎಷ್ಟೋ ಮನೆಗಳು ಕಾಡಿನ ಅಬ್ಬಿಯಿಂದ ಪೈಪು ಎಳೆದು ಅಡುಗೆಗೂ ಅಡಿಕೆ ತೋಟಕ್ಕೂ ನೀರು ತಂದುಕೊಳ್ಳುತ್ತವೆ.

ಆದ್ದರಿಂದ ಹೊಳೆಯಲ್ಲಿ ಸೋಪು, ಶಾಂಪೂ, ಎಣ್ಣೆ ಬೇಡ. ಪಾತ್ರೆ, ಬಟ್ಟೆ ಹೊಳೆಯೊಳಗೆ ತೊಳೆಯಬೇಡಿ. ಕೊಲ್ಲೂರಿಗೆ ಬರುವ ಭಕ್ತರು ತೀರ್ಥವೆಂದು ಮುಳುಗುವ ಸೌಪರ್ಣಿಕೆ ಕಲುಷಿತವಾಗುತ್ತಿರುವ ವಿಚಾರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ಪೇಟೆಯ ಚರಂಡಿ ಸರಿಪಡಿಸುವುದು ಆಡಳಿತದ ಕೆಲಸ. ಹೊಳೆಯಲ್ಲಿ ಬಟ್ಟೆ, ಬಾಟಲಿ ಬಿಡದಿರುವುದು ನಮ್ಮ ಕೈಯಲ್ಲೇ ಇದೆ.

ಶೌಚಕ್ಕೆ ಹೊರಡುವ ಮೊದಲೇ ಬಸ್ ನಿಲ್ದಾಣ, ವಸತಿಗೃಹದ ಶೌಚಾಲಯ ಬಳಸಿ. ಕಾಡಿನಲ್ಲಿ ಅನಿವಾರ್ಯವಾದರೆ ನೀರಿನಿಂದಲೂ ಹಾದಿಯಿಂದಲೂ ಕನಿಷ್ಠ 60 ಮೀಟರ್, ಅಂದರೆ ಸುಮಾರು ಎಂಬತ್ತು ಹೆಜ್ಜೆ ದೂರ ಹೋಗಿ. ಕೈಗುದ್ದಲಿಯಿಂದ ಗೇಣುದ್ದಕ್ಕಿಂತ ತುಸು ಕಡಿಮೆ, ಆರರಿಂದ ಎಂಟು ಇಂಚು ಆಳದ ಗುಂಡಿ ತೋಡಿ, ಮುಗಿದ ಮೇಲೆ ಮಣ್ಣು ಮುಚ್ಚಿ. ಮೇಲ್ಪದರದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿರುವುದರಿಂದ ಅದು ಬೇಗ ಕರಗುತ್ತದೆ. ಅಮೆರಿಕದಲ್ಲಿ 1994ರಲ್ಲಿ ಆರಂಭವಾದ ‘ಲೀವ್ ನೋ ಟ್ರೇಸ್’ ಸಂಸ್ಥೆ ಕಲಿಸುವ ಏಳು ನಿಯಮಗಳಲ್ಲಿ ಈ ಅಳತೆಗಳೂ ಬರುತ್ತವೆ. ಕಾಗದ, ಪ್ಯಾಡ್, ಡೈಪರ್ ಹೂಳಬೇಡಿ, ಚೀಲದಲ್ಲಿ ಕಟ್ಟಿ ವಾಪಸು ತನ್ನಿ.

ನೆರೆ ಬರುವ ಸೂಚನೆ ಕಲಿತಿರಿ. ತಿಳಿನೀರು ಕದಡಿ ಕೆಂಪಾಗುವುದು, ತರಗೆಲೆ ಕಡ್ಡಿಗಳು ಒಮ್ಮೆಗೇ ತೇಲಿ ಬರುವುದು, ಮೇಲಿನಿಂದ ಕೇಳುವ ಸದ್ದು ದಪ್ಪವಾಗುವುದು: ಮೂರರಲ್ಲಿ ಒಂದು ಕಂಡರೂ ಚಪ್ಪಲಿ, ಮೊಬೈಲು ಹುಡುಕುತ್ತಾ ನಿಲ್ಲದೆ ದಂಡೆ ಹತ್ತಿ.

ಹೆಜ್ಜೆ 7: ಪ್ರಾಣಿ ಪಕ್ಷಿಗಳಿಗೆ ಜಾಗ ಬಿಡಿ

ಈ ಕಾಡುಗಳಲ್ಲಿ ಸಿಂಗಳೀಕವಿದೆ, ಕಾಳಿಂಗ ಸರ್ಪವಿದೆ, ಕಾಟಿ, ಕಡವೆ, ಚಿರತೆ, ಮಂಗಟ್ಟೆ ಹಕ್ಕಿಗಳಿವೆ. ಸಿಂಗಳೀಕ ಪಶ್ಚಿಮಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದು ಮರದ ಮೇಲೆಯೇ ಬದುಕುವ ಪ್ರಾಣಿ. ಕೈಯಲ್ಲಿ ಬಾಳೆಹಣ್ಣು ತೋರಿಸಿ ಅದನ್ನು ರಸ್ತೆಗೆ ಇಳಿಸಿದರೆ ಅದು ವಾಹನದ ಚಕ್ರಕ್ಕೆ ಹತ್ತಿರವಾಗುತ್ತದೆ. ಯಾವ ಮಂಗಕ್ಕೂ ತಿನಿಸು ಕೊಡಬೇಡಿ.

ಮಂಗಟ್ಟೆಯ ಸಂಸಾರ ತಿಳಿದವರು ಗೂಡಿನ ಹತ್ತಿರ ಸುಳಿಯುವುದಿಲ್ಲ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಸೇರಿ, ಕೊಕ್ಕು ಹಿಡಿಸುವಷ್ಟು ಸೀಳು ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಬೇಸಿಗೆಯ ಆ ವಾರಗಳಲ್ಲಿ ತಾಯಿಗೂ ಮರಿಗೂ ಗಂಡು ತರುವ ಹಣ್ಣೇ ಆಹಾರ. ಮರದಡಿ ಕ್ಯಾಮೆರಾ ಹಿಡಿದು ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿದ್ದವು ಹಸಿದಿರುತ್ತವೆ. ಗೂಡು ಕಂಡರೆ ಸದ್ದಿಲ್ಲದೆ ದೂರ ಹೋಗಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ.

ನಾಗೋಡಿ, ಹುಲಿಕಲ್ ಘಟ್ಟಗಳಲ್ಲಿ ರಾತ್ರಿ ನಿಧಾನ ಚಲಿಸಿ. ಮೊದಲ ಮಳೆಯ ರಾತ್ರಿಗಳಲ್ಲಿ ಕಪ್ಪೆಗಳೂ ಅವನ್ನು ಹಿಡಿಯಲು ಬಂದ ಹಾವುಗಳೂ ರಸ್ತೆಯಲ್ಲೇ ಇರುತ್ತವೆ. ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ.

ಹೆಜ್ಜೆ 8: ಬೆಂಕಿ ಬೇಡವೇ ಬೇಡ

ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು, ಹೊತ್ತಿಸಿದ ಬೆಂಕಿಯನ್ನು ಬಿಟ್ಟು ಬರುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಕ್ಯಾಂಪ್ ಫೈರ್ ಆಸೆಯನ್ನು ಹೋಂಸ್ಟೇ ಅಂಗಳದಲ್ಲಿ ಅವರ ಒಪ್ಪಿಗೆಯೊಂದಿಗೆ ತೀರಿಸಿಕೊಳ್ಳಿ. ಅನುಮತಿಯಿಲ್ಲದ ಜಾಗದಲ್ಲಿ ಟೆಂಟ್ ಹಾಕಬೇಡಿ. ಬೀಡಿ, ಸಿಗರೇಟು ಸೇದುವವರು ಕಾಡಿನೊಳಗಿರುವಷ್ಟು ಹೊತ್ತು ತಡೆದುಕೊಳ್ಳಿ. ಫೆಬ್ರವರಿಯ ನಂತರ ಒಣಹುಲ್ಲಿಗೆ ಬಿದ್ದ ಒಂದು ಕಿಡಿ ಗಾಳಿಯ ಜೊತೆ ಗುಡ್ಡ ಏರುತ್ತದೆ. ಅದನ್ನು ಹಸಿ ಸೊಪ್ಪಿನಿಂದ ಬಡಿದು ಆರಿಸುವವರು ಇಲಾಖೆಯ ದಿನಗೂಲಿ ವಾಚರುಗಳು. ಎಲ್ಲಾದರೂ ಹೊಗೆ ಕಂಡರೆ ಆರಿಸಲು ಹೋಗದೆ ಕೆಳಗಿಳಿದು ಕೂಡಲೇ ತಿಳಿಸಿ.

ಹೆಜ್ಜೆ 9: ಉಣುಗು, ಉಂಬಳ, ಹಾವು

ಮಂಗನ ಕಾಯಿಲೆಯ ವೈರಸ್ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಘಟ್ಟದ ಮೇಲಿನ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಉಲ್ಬಣಿಸಿದಾಗ ಅನೇಕರಿಗೆ ಚಿಕಿತ್ಸೆ ನಡೆದದ್ದು ನಮ್ಮ ಮಣಿಪಾಲದಲ್ಲೇ. ಉಣುಗು ಕಚ್ಚುವುದರಿಂದ ಹರಡುವ ಈ ರೋಗ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸುತ್ತದೆ. ಆ ತಿಂಗಳುಗಳಲ್ಲಿ ಕಾಡಿಗೆ ಹೋದರೆ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನೋ ಬೇರೆ ಕೀಟ ನಿವಾರಕವನ್ನೋ ಹಚ್ಚಿ, ತರಗೆಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ಉಜ್ಜಿ ಸ್ನಾನ ಮಾಡಿ. ಮುಂದಿನ ಹತ್ತು ದಿನಗಳಲ್ಲಿ ಹಠಾತ್ ಜ್ವರ, ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಕಚೇರಿಗೂ ತಿಳಿಸಿ.

ಉಂಬಳ ಹತ್ತಿದರೆ ಗಾಬರಿ ಬೇಡ, ರೋಗ ತರುವುದಿಲ್ಲ. ಉಗುರನ್ನು ಚರ್ಮಕ್ಕೆ ಒತ್ತಿ ಬದಿಯಿಂದ ಸರಿಸಿದರೆ ಕಳಚುತ್ತದೆ. ಗಾಯ ತೊಳೆದು ಬಟ್ಟೆ ಕಟ್ಟಿ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ದಾರ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಕೋಲು ಕಟ್ಟಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಸೇರಿಸಿ. ಹಾವನ್ನು ಹೊಡೆದು ತರಬೇಕಾಗಿಲ್ಲ.

ಹೆಜ್ಜೆ 10: ಬನಕ್ಕೂ ಗುಹೆಗೂ ಊರಿಗೂ ಮರ್ಯಾದೆ

ಕಾಡು ಕಾಯುವ ಪಾಠ ನಮಗೆ ಹೊರಗಿನಿಂದ ಬರಬೇಕಾಗಿಲ್ಲ. ಪ್ರತಿ ಊರಿನಲ್ಲೂ ನಾಗಬನವಿದೆ. ಹಾಯ್ಗುಳಿ, ಪಂಜುರ್ಲಿಗಳ ತಾಣಗಳಿವೆ. ಬನದ ಮರಕ್ಕೆ ಕತ್ತಿ ಹಾಕಬಾರದು, ಬಿದ್ದ ಕೊಂಬೆಯನ್ನೂ ಸೌದೆಗೆ ತರಬಾರದು, ಮೈಲಿಗೆ ಮಾಡಬಾರದು ಎಂದು ಹಿರಿಯರು ಹೇಳಿದ್ದನ್ನು ಕೇಳಿಯೇ ಬೆಳೆದಿದ್ದೇವೆ. ಸುತ್ತಲ ಗುಡ್ಡ ಬೋಳಾದ ಮೇಲೂ ಬನದೊಳಗೆ ಹಳೆಯ ಮರ, ಬೆತ್ತ, ಬಳ್ಳಿ ಉಳಿದದ್ದು ಈ ಮಾತಿನಿಂದ. ಬನದಲ್ಲಿ ನಡೆದುಕೊಳ್ಳುವ ಹಾಗೆ ಇಡೀ ಕಾಡಿನಲ್ಲಿ ನಡೆದುಕೊಂಡರೆ ಈ ಲೇಖನದ ಅರ್ಧ ಪಾಲು ಬೇಕಾಗುತ್ತಿರಲಿಲ್ಲ.

ಕೆರಾಡಿ ಬಳಿಯ ಮೂಡುಗಲ್ಲಿನ ಕೇಶವನಾಥೇಶ್ವರನ ಗುಹೆಯಲ್ಲಿ ನೀರಿನೊಳಗೆ ನಡೆದು ದೇವರನ್ನು ಕಾಣಬೇಕು. ಆ ನೀರಿನಲ್ಲಿ ಮೀನುಗಳಿವೆ. ಕಾಲು ತೊಳೆದು ಇಳಿಯಿರಿ, ಬಿಸ್ಕತ್ತು ಹಾಕಬೇಡಿ. ಬಾವಲಿಗಳಿರುವ ಗುಹೆಗಳಲ್ಲಿ ಕೂಗಬೇಡಿ, ಫ್ಲಾಶ್ ಹಾಕಬೇಡಿ. 2022ರ ‘ಕಾಂತಾರ’ ಸಿನಿಮಾದ ನಂತರ ಕೆರಾಡಿ ಸುತ್ತಮುತ್ತಲನ್ನು ನೋಡಬೇಕೆಂದು ಬರುವವರು ಹೆಚ್ಚಿದ್ದಾರೆ. ಕೋಲ, ದರ್ಶನಗಳು ಜನರ ನಂಬಿಕೆ. ಕೇಳದೆ ಚಿತ್ರೀಕರಿಸಬೇಡಿ, ವೇಷದ ಅನುಕರಣೆ ಮಾಡಿ ರೀಲ್ಸ್ ಮಾಡಬೇಡಿ. ಗದ್ದೆಯ ಅಂಚು, ಮನೆಯಂಗಳ ದಾಟುವಾಗ ‘ಹೋಯ್, ಈ ಬದಿಯಂಗೆ ಹೋಪ್ದಾ?’ ಎಂದು ಒಂದು ಮಾತು ಕೇಳಿ. ದಾರಿಯ ಜೊತೆ ಮಜ್ಜಿಗೆಯೂ ಸಿಗುತ್ತದೆ.

ಹೆಜ್ಜೆ 11: ಕಡಲಂಚಿನಲ್ಲೂ ಅದೇ ಎಚ್ಚರ

ಕುಂದಾಪುರದ ಕೋಡಿ ಮೊದಲಾದ ಕಿನಾರೆಗಳಿಗೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿ ಹೊರಬರಲು 45ರಿಂದ 60 ದಿನ. ಮರಿಗಳು ಬೆಳಕು ಹೆಚ್ಚಿರುವ ದಿಕ್ಕನ್ನು ಕಡಲೆಂದು ನಂಬಿ ಓಡುತ್ತವೆ. ರೆಸಾರ್ಟಿನ ದೀಪ, ಮೊಬೈಲ್ ಟಾರ್ಚ್ ಅವನ್ನು ರಸ್ತೆಯ ಕಡೆಗೆ ಎಳೆಯಬಲ್ಲವು. ಡಿಸೆಂಬರ್‌ನಿಂದ ರಾತ್ರಿ ಕಿನಾರೆಯಲ್ಲಿ ದೀಪ, ಬೆಂಕಿ, ವಾಹನ ಬೇಡ. ಆಮೆ ಅಥವಾ ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಇಲಾಖೆಯ ಜೊತೆ ಮೀನುಗಾರರೂ ಕುಂದಾಪುರದ ಎಫ್‌ಎಸ್‌ಎಲ್ ಇಂಡಿಯಾದಂಥ ಸಂಸ್ಥೆಗಳೂ ಗೂಡು ಕಾಯುವ ಕೆಲಸದಲ್ಲಿ ಕೈಜೋಡಿಸಿವೆ.

ಬ್ರಹ್ಮಾವರ ತಾಲೂಕಿನ ಸಾಲಿಗ್ರಾಮ ಪಾರಂಪಳ್ಳಿ ಕಡೆ ಸೀತಾ ನದಿಯ ಹಿನ್ನೀರಿನಲ್ಲಿ ಕಯಾಕ್ ಹುಟ್ಟು ಹಾಕುತ್ತಾ ಕಾಂಡ್ಲಾ ವನದೊಳಗೆ ಹೋಗಬಹುದು. ಕಾಂಡ್ಲಾದ ಉಸಿರುಬೇರುಗಳು ಕೆಸರಿನಿಂದ ಮೇಲೆದ್ದು ನಿಂತಿರುತ್ತವೆ. ಅವುಗಳ ನಡುವೆ ಮೀನು, ಸಿಗಡಿ, ಏಡಿಯ ಮರಿಗಳು ಬೆಳೆಯುತ್ತವೆ. ಆದ್ದರಿಂದ ಇಳಿದು ತುಳಿಯಬೇಡಿ, ಕೊಂಬೆ ಹಿಡಿದು ದೋಣಿ ನಿಲ್ಲಿಸಬೇಡಿ, ಜೀವರಕ್ಷಕ ಜಾಕೆಟ್ ಕಳಚಬೇಡಿ. ಉಬ್ಬರ ಇಳಿತದ ಹೊತ್ತನ್ನು ಕಯಾಕ್ ನಡೆಸುವವರಲ್ಲಿ ಕೇಳಿ. ಸೀತಾ, ಸ್ವರ್ಣಾ ನದಿಗಳು ಕಡಲಿಗೆ ಬೀಳುವ ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸೆಳೆತ ಜೋರು, ಅಲ್ಲಿ ಈಜಬೇಡಿ. ಮರವಂತೆಯಲ್ಲಿ ಹೆದ್ದಾರಿಯ ಮೇಲೆ ವಾಹನ ನಿಲ್ಲಿಸಿ ಸೆಲ್ಫಿ ತೆಗೆಯಬೇಡಿ.

ಹೆಜ್ಜೆ 12: ವಾಪಸು ಬಂದ ಮೇಲೂ ಕೆಲಸವಿದೆ

ತಂದ ಕಸವನ್ನು ಕೊಲ್ಲೂರಿನ ಅಥವಾ ದಾರಿಯ ಗ್ರಾಮದ ತೊಟ್ಟಿಗೆ ತುಂಬಬೇಡಿ. ಸಣ್ಣ ಪಂಚಾಯತಿಗೆ ಸಾವಿರಾರು ಪ್ರವಾಸಿಗರ ಕಸ ಸಾಗಿಸುವ ಶಕ್ತಿಯಿಲ್ಲ. ನಿಮ್ಮ ಊರಿಗೇ ಒಯ್ದು ಹಸಿ ಒಣ ಬೇರ್ಪಡಿಸಿ ಕೊಡಿ. ಬೂಟಿನ ತಳ ಉಜ್ಜಿ ತೊಳೆಯಿರಿ. ಲಂಟಾನ, ಯುಪಟೋರಿಯಂನಂಥ ಕಳೆಯ ಬೀಜಗಳು ಬೂಟು ಬಟ್ಟೆಗೆ ಅಂಟಿಕೊಂಡೇ ಕಾಡಿನಿಂದ ಕಾಡಿಗೆ ದಾಟುತ್ತವೆ. ಫೋಟೊ ಹಾಕುವಾಗ ಜನ ಅಷ್ಟಾಗಿ ಹೋಗದ ಹಳ್ಳ, ಗೂಡು, ಹೂವಿನ ಜಾಗದ ಲೊಕೇಶನ್ ಹಾಕಬೇಡಿ. ಮುರಿದ ತಡೆಬೇಲಿ, ಕಸದ ರಾಶಿ, ಕಡಿದ ಮರ ಕಂಡಿದ್ದರೆ ವಲಯ ಕಚೇರಿಗೆ ಬರೆದು ತಿಳಿಸಿ.

ನೆನಪಿಡಬೇಕಾದ ಸಂಖ್ಯೆಗಳು

- ತುರ್ತು ಸಹಾಯ: 112
- ಆಂಬುಲೆನ್ಸ್: 108
- ಅರಣ್ಯ ಇಲಾಖೆಯ ಸಹಾಯವಾಣಿ: 1926

ಕಾಡಿನಲ್ಲಿ ಸಿಗ್ನಲ್ ಸಿಗದ ಜಾಗ ಬಹಳ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂದು ಮನೆಯಲ್ಲಿ ಒಬ್ಬರಿಗೆ ಬರೆದು ಕೊಟ್ಟು ಹೊರಡಿ.

ಆಸಾಡಿ ಅಮಾಸೆಯ ದಿನ ಮರವಂತೆಯ ವರಾಹ ದೇವಸ್ಥಾನದಲ್ಲಿ ಜಾತ್ರೆ. ಸುರಿವ ಮಳೆಯಲ್ಲೇ ಸಾವಿರಾರು ಜನ, ಹೊಸದಾಗಿ ಮದುವೆಯಾದವರು ವಿಶೇಷವಾಗಿ, ಬಂದು ಕಡಲಿನಲ್ಲೂ ಸೌಪರ್ಣಿಕೆಯಲ್ಲೂ ಮೀಯುತ್ತಾರೆ. ಆ ಹೊತ್ತಿಗೆ ಘಟ್ಟದ ಹಾದಿಗಳು ಮುಚ್ಚಿರುತ್ತವೆ, ಕೊಡಚಾದ್ರಿ ಮೋಡದೊಳಗಿರುತ್ತದೆ. ಆದರೆ ಆ ಮದುಮಗಳು ಬೊಗಸೆಯಲ್ಲಿ ಎತ್ತಿ ತಲೆಗೆ ಹಾಕಿಕೊಳ್ಳುವ ನೀರು ಬಂದದ್ದು ನಾವು ಅಕ್ಟೋಬರಿನಲ್ಲಿ ನಡೆದ, ಮಾರ್ಚಿನಲ್ಲಿ ಕೂತು ಬುತ್ತಿ ಬಿಚ್ಚಿದ ಅದೇ ಇಳಿಜಾರಿನಿಂದ. ಆ ಬೊಗಸೆಗೆ ನಮ್ಮದೇನೂ ಸೇರದಿರಲಿ.